ಭಾರೀ ಬೈನರಿ ಹೊತ್ತ ಡೆಸ್ಕ್‌ಟಾಪ್ ಆಪ್: ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಪ್ಯಾಕೇಜ್ ಮಾಡುವ ಸಮಗ್ರ ಮಾರ್ಗದರ್ಶಿ

ವಿಡಿಯೊ ಪರಿವರ್ತಿಸುವ ಒಂದು ಚಿಕ್ಕ ಆಪ್ ಬರೆದಿದ್ದೀರಿ. ಬಟನ್, ಕಿಟಕಿ, ಮೆನು ನಿಮ್ಮದು. ನಿಜವಾದ ದುಡಿಮೆ ಎಫ್‌ಎಫ್‌ಎಂಪೆಗ್ ಎಂಬ ಬೈನರಿಯದು, ಅಂದರೆ ಬೇರೆಯವರು ಕಟ್ಟಿಟ್ಟ, ನೇರವಾಗಿ ಓಡುವ ಪ್ರೋಗ್ರಾಂ ಫೈಲಿನದು. ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಸಲೀಸು. ಇನ್‌ಸ್ಟಾಲರ್ ಹೊರಬಿಟ್ಟ ಕೂಡಲೇ ದೂರುಗಳು ಬರತೊಡಗುತ್ತವೆ: ಒಬ್ಬರಿಗೆ ಬಟನ್ ಒತ್ತಿದರೂ ಏನೂ ಆಗುವುದಿಲ್ಲ, ಇನ್ನೊಬ್ಬರಿಗೆ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ, ಮ್ಯಾಕ್ ಬಳಸುವವರಿಗೆ ಆಪ್ ತೆರೆಯುವುದೇ ಇಲ್ಲ.

ಇಂಥ ದೂರುಗಳ ಬೆನ್ನು ಹತ್ತಿದರೆ ಹೆಚ್ಚಿನವು ಎರಡು ಕಾರಣಗಳಿಗೆ ಬಂದು ನಿಲ್ಲುತ್ತವೆ. ಒಂದು, ಡೆವಲಪರ್ ಮಷೀನು ಗುಟ್ಟಾಗಿ ಏನನ್ನೋ ಒದಗಿಸುತ್ತಿತ್ತು, ಬಳಕೆದಾರರ ಮಷೀನಿನಲ್ಲಿ ಅದಿಲ್ಲ. ಎರಡು, ಹೆಜ್ಜೆಗಳೆಲ್ಲ ಸರಿಯಿದ್ದರೂ ಅವುಗಳ ಕ್ರಮ ತಪ್ಪಿತ್ತು. ಅದಕ್ಕೇ ಈ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಉದಾಹರಣೆಗೆ ಎಲೆಕ್ಟ್ರಾನ್ (ಜಾವಾಸ್ಕ್ರಿಪ್ಟಿನಲ್ಲಿ ಡೆಸ್ಕ್‌ಟಾಪ್ ಆಪ್ ಕಟ್ಟುವ ಚೌಕಟ್ಟು) ಮತ್ತು ಎಫ್‌ಎಫ್‌ಎಂಪೆಗ್ ಇಟ್ಟುಕೊಂಡಿದ್ದೇನೆ. ಟೌರಿ (ಇಂಥದೇ ಇನ್ನೊಂದು ಚೌಕಟ್ಟು), ಪೈಇನ್‌ಸ್ಟಾಲರ್ (ಪೈಥಾನ್ ಆಪ್ ಪ್ಯಾಕ್ ಮಾಡುವ ಸಾಧನ) ಬಳಸುವವರಿಗೆ ಬೇರೆಯಾಗುವ ಕಡೆ ಹೇಳುತ್ತೇನೆ.

## ಶುರು ಮಾಡುವ ಮುನ್ನ ಬೇಕಾದದ್ದು

ಮೂರು ಆಪರೇಟಿಂಗ್ ಸಿಸ್ಟಂಗಳಲ್ಲೂ ಬಿಲ್ಡ್ ಮಾಡಬಲ್ಲ ವ್ಯವಸ್ಥೆ ಬೇಕು. ಸಿಐ ಸೇವೆ (ಬಿಲ್ಡನ್ನು ತಾನಾಗಿ ಮಾಡಿಕೊಡುವ ಆನ್‌ಲೈನ್ ವ್ಯವಸ್ಥೆ) ಆದರೂ ಸಾಕು. ಮ್ಯಾಕ್‌ಗೆ ಆಪಲ್ ಡೆವಲಪರ್ ಖಾತೆ ಮತ್ತು ಡೆವಲಪರ್ ಐಡಿ ಸರ್ಟಿಫಿಕೇಟ್. ವಿಂಡೋಸ್‌ಗೆ ಕೋಡ್ ಸೈನಿಂಗ್ ಸರ್ಟಿಫಿಕೇಟ್ (ಫೈಲು ನಿಮ್ಮದೇ, ಆಮೇಲೆ ಯಾರೂ ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಹಾಕಲು). 2023ರ ಜೂನ್‌ನಿಂದ ಇದರ ಖಾಸಗಿ ಕೀ ಹಾರ್ಡ್‌ವೇರ್ ಟೋಕನ್ ಅಥವಾ ಅಂಥದೇ ಸುರಕ್ಷಿತ ಮಾಡ್ಯೂಲ್‌ನಲ್ಲೇ ಇರಬೇಕೆಂಬ ನಿಯಮ ಬಂದಿದೆ. ಹಾಗಾಗಿ ಸಿಐನಿಂದ ಸಹಿ ಹಾಕಿಸಬೇಕಿದ್ದರೆ ಕ್ಲೌಡ್ ಸೈನಿಂಗ್ ಸೇವೆಯ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ. ಬಿಡುಗಡೆಯ ಹಿಂದಿನ ದಿನ ಆಗುವ ಕೆಲಸವಲ್ಲ ಇದು.

ಇಷ್ಟರ ಜೊತೆಗೆ ಏನೂ ಇನ್‌ಸ್ಟಾಲ್ ಮಾಡದ, ಶುದ್ಧವಾದ ಒಂದೊಂದು ವರ್ಚುವಲ್ ಮಷೀನ್. ಇದಿಲ್ಲದೆ ಎಂಟನೇ ಹಂತ ಸಾಧ್ಯವಿಲ್ಲ, ಎಂಟನೇ ಹಂತವಿಲ್ಲದೆ ಉಳಿದದ್ದಕ್ಕೆ ಅರ್ಥವಿಲ್ಲ.

## 1. ಒಳಗೇ ಇಡುವುದೋ, ಆಮೇಲೆ ಇಳಿಸುವುದೋ?

ಇದನ್ನು ಮೊದಲು ತೀರ್ಮಾನಿಸಿ. ನಡುವೆ ಮನಸ್ಸು ಬದಲಿಸಿದರೆ ಪಾತ್, ಸಹಿ, ಅಪ್‌ಡೇಟ್ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ.

ನನ್ನ ಅಳತೆ ಇದು: ಓಡುವ ಕೋಡ್ ಆಗಿದ್ದರೆ ಪ್ಯಾಕೇಜಿನ ಒಳಗೆ, ಬರೀ ಡೇಟಾ ಆಗಿದ್ದರೆ ಹೊರಗಿನಿಂದ. ನೂರಿನ್ನೂರು ಎಂಬಿ ತನಕದ ಬೈನರಿಯನ್ನು ಇನ್‌ಸ್ಟಾಲರಿನಲ್ಲೇ ಇಟ್ಟುಬಿಡಿ. ಹಲವು ಜಿಬಿ ತೂಗುವ ಭಾಷಾ ಮಾದರಿಯನ್ನೋ ಓಸಿಆರ್ ಡೇಟಾವನ್ನೋ ಮೊದಲ ಸಲ ಆಪ್ ತೆರೆದಾಗ ಇಳಿಸಿಕೊಳ್ಳಲಿ. ಕೋಡ್ ಒಳಗಿದ್ದರೆ ನಿಮ್ಮ ಸಹಿ ಅದನ್ನು ಕಾಯುತ್ತದೆ. ಇಂಟರ್ನೆಟ್ ಇಲ್ಲದವರಿಗೂ ಆಪ್ ಓಡುತ್ತದೆ.

ಕೆಲವು ಗಟ್ಟಿ ಮಿತಿಗಳಿವೆ. ವಿಂಡೋಸ್‌ಗೆಂದು ಎನ್‌ಎಸ್‌ಐಎಸ್ ಸಾಧನದಿಂದ ಕಟ್ಟಿದ ಇನ್‌ಸ್ಟಾಲರ್ ಸುಮಾರು 2 ಜಿಬಿ ದಾಟಲಾರದು. ಗಿಟ್‌ಹಬ್ ರಿಲೀಸ್‌ನಲ್ಲೂ ಒಂದೊಂದು ಫೈಲಿಗೆ 2 ಜಿಬಿಯ ಮಿತಿಯಿದೆ. ಮ್ಯಾಕ್ ಆಪ್ ಸ್ಟೋರ್ ಮೂಲಕ ಕೊಡುವುದಾದರೆ, ಆಪ್‌ನ ಕೆಲಸವನ್ನು ಬದಲಿಸುವ ಕೋಡನ್ನು ಆಮೇಲೆ ಇಳಿಸಿ ಓಡಿಸಲು ಆಪಲ್ ಒಪ್ಪುವುದಿಲ್ಲ.

"ನೀವೇ ಇನ್‌ಸ್ಟಾಲ್ ಮಾಡಿಕೊಳ್ಳಿ" ಎಂದು ಬಳಕೆದಾರರಿಗೆ ಹೇಳುವ ಮೂರನೇ ದಾರಿಯೂ ಉಂಟು. ಡೆವಲಪರ್‌ಗಳಿಗೆಂದೇ ಮಾಡಿದ ಸಾಧನವಾದರೆ ಸರಿ, ಮಿಕ್ಕವರಿಗೆ ಬೇಡ.

ಪರವಾನಗಿಯನ್ನೂ ಇಲ್ಲೇ ನೋಡಿಬಿಡಿ. ಎಫ್‌ಎಫ್‌ಎಂಪೆಗ್ ಮೂಲತಃ ಎಲ್‌ಜಿಪಿಎಲ್ ಎಂಬ ಸಡಿಲ ಮುಕ್ತ ಪರವಾನಗಿಯದು. ಎಕ್ಸ್264 ಎಂಬ ವಿಡಿಯೊ ಎನ್‌ಕೋಡರ್ ಸೇರಿಸಿ ಬಿಲ್ಡ್ ಮಾಡಿದರೆ ಹೆಚ್ಚು ಬಿಗಿಯಾದ ಜಿಪಿಎಲ್ ಆಗುತ್ತದೆ. ನಾನ್‌ಫ್ರೀ ಆಯ್ಕೆ ಹಾಕಿ ಕಟ್ಟಿದ್ದನ್ನು ಹಂಚುವಂತೆಯೇ ಇಲ್ಲ. ಬೈನರಿಯನ್ನು ಓಡಿಸಿ ಅದರ ವರ್ಷನ್ ಕೇಳಿದರೆ ಯಾವ ಆಯ್ಕೆಗಳೊಂದಿಗೆ ಕಟ್ಟಿದ್ದು ಎಂದು ಅದೇ ಹೇಳುತ್ತದೆ. ಪರವಾನಗಿಯ ಪಠ್ಯವನ್ನೂ ಮೂಲ ಕೋಡ್ ಸಿಗುವ ಜಾಗವನ್ನೂ ಪ್ಯಾಕೇಜಿನಲ್ಲಿ ಸೇರಿಸಿ.

## 2. ಯಾವ ಬೈನರಿ ಎಂದು ಬರೆದಿಡಿ

ಬೈನರಿಗಳನ್ನು ಗಿಟ್‌ಗೆ ತುಂಬಬೇಡಿ. 100 ಎಂಬಿ ಮೀರಿದ ಫೈಲನ್ನು ಗಿಟ್‌ಹಬ್ ತಿರಸ್ಕರಿಸುತ್ತದೆ. ಅದಕ್ಕಿಂತ ಚಿಕ್ಕದಾದರೂ ಪ್ರತಿ ವರ್ಷನ್ ಇತಿಹಾಸದಲ್ಲಿ ಉಳಿದು ರೆಪೊ ಊದುತ್ತ ಹೋಗುತ್ತದೆ. ಅದರ ಬದಲು ಒಂದು ಚಿಕ್ಕ ಜೇಸನ್ ಫೈಲ್ ಇಡಿ. ಪ್ರತಿ ಸಿಸ್ಟಂ ಮತ್ತು ಪ್ರೊಸೆಸರ್ ಜೋಡಿಗೆ ಒಂದು ಸಾಲು: ವರ್ಷನ್, ಇಳಿಸುವ ವಿಳಾಸ, ಗಾತ್ರ, ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ). ಬಿಲ್ಡ್ ಶುರುವಾಗುವ ಮುನ್ನ ಒಂದು ಸ್ಕ್ರಿಪ್ಟ್ ಈ ಪಟ್ಟಿ ಓದಿ, ಇಳಿಸಿ, ಹ್ಯಾಶ್ ತಾಳೆ ನೋಡಿ, ತಾಳೆಯಾಗದಿದ್ದರೆ ಬಿಲ್ಡನ್ನು ಅಲ್ಲೇ ನಿಲ್ಲಿಸಬೇಕು. "ಲೇಟೆಸ್ಟ್" ಎನ್ನುವ ವಿಳಾಸವನ್ನು ಎಂದೂ ಹಾಕಬೇಡಿ. ನಿನ್ನೆ ಓಡಿದ್ದು ಇವತ್ತು ಯಾಕೆ ಓಡುತ್ತಿಲ್ಲ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಜನ ಮತ್ತೆ ಮತ್ತೆ ಬೀಳುವ ಒಂದು ಹೊಂಡ ಇಲ್ಲಿದೆ. ಎಫ್‌ಎಫ್‌ಎಂಪೆಗ್-ಸ್ಟ್ಯಾಟಿಕ್‌ನಂಥ ಎನ್‌ಪಿಎಂ ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವ ಹೊತ್ತಿಗೆ, ಇನ್‌ಸ್ಟಾಲ್ ಆಗುತ್ತಿರುವ ಮಷೀನಿಗೆ ಹೊಂದುವ ಬೈನರಿಯನ್ನು ಇಳಿಸುತ್ತವೆ. ಎಂ ಸರಣಿಯ (ಆರ್ಮ್ ಪ್ರೊಸೆಸರಿನ) ಮ್ಯಾಕ್‌ನಲ್ಲಿ ಕೂತು ಇಂಟೆಲ್ ಮ್ಯಾಕ್‌ಗೂ ವಿಂಡೋಸ್‌ಗೂ ಒಟ್ಟಿಗೆ ಬಿಲ್ಡ್ ಮಾಡಿದಿರೋ, ಎಲ್ಲದರೊಳಗೂ ಹೋಗಿ ಕೂರುವುದು ಆರ್ಮ್ ಮ್ಯಾಕ್‌ನ ಬೈನರಿಯೇ. ಬಿಲ್ಡ್ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ. ಆದ್ದರಿಂದ ಯಾವ ಗುರಿಗೆ ಬಿಲ್ಡ್ ಆಗುತ್ತಿದೆಯೋ ಆ ಗುರಿಯ ಹೆಸರಿನಿಂದ ಬೈನರಿ ಆಯ್ದುಕೊಳ್ಳಿ, ಬಿಲ್ಡ್ ಮಾಡುತ್ತಿರುವ ಮಷೀನಿನ ಹೆಸರಿನಿಂದಲ್ಲ. ಟೌರಿ ಇದನ್ನು ಕಡ್ಡಾಯ ಮಾಡಿದೆ: ಸೈಡ್‌ಕಾರ್ (ಆಪ್ ಜೊತೆ ಸಾಗಿಸುವ ಬೈನರಿ) ಫೈಲಿನ ಹೆಸರಿನ ಕೊನೆಗೆ ಗುರಿಯ ಪೂರ್ತಿ ಹೆಸರು ಇಲ್ಲದಿದ್ದರೆ ಬಿಲ್ಡ್ ಆಗುವುದೇ ಇಲ್ಲ. ಎಲೆಕ್ಟ್ರಾನ್ ಬಳಸುವವರೂ ಇದೇ ಶಿಸ್ತನ್ನು ತಾವಾಗಿ ಪಾಲಿಸಿದರೆ ಒಳ್ಳೆಯದು.

ಮ್ಯಾಕ್‌ನಲ್ಲಿ ಇಂಟೆಲ್, ಆರ್ಮ್ ಎರಡನ್ನೂ ಲೈಪೊ ಸಾಧನದಿಂದ ಒಂದೇ ಯೂನಿವರ್ಸಲ್ ಫೈಲಾಗಿ ಹೊಲಿಯಬಹುದು. ಆದರೆ ಗಾತ್ರವೂ ಎರಡರಷ್ಟಾಗುತ್ತದೆ. ಬೈನರಿ ದೊಡ್ಡದಾದರೆ ಎರಡು ಬೇರೆ ಡೌನ್‌ಲೋಡ್ ಕೊಡುವುದೇ ವಾಸಿ.

## 3. ಬೈನರಿಯ ಸ್ವಂತ ಅವಲಂಬನೆಗಳನ್ನು ನೋಡಿ

ನೀವು ಸೇರಿಸಿದ ಬೈನರಿಗೂ ಅದರದ್ದೇ ಲೈಬ್ರರಿಗಳು ಬೇಕಿರುತ್ತವೆ. ಲಿನಕ್ಸ್‌ನಲ್ಲಿ ಎಲ್‌ಡಿಡಿ, ಮ್ಯಾಕ್‌ನಲ್ಲಿ ಓಟೂಲ್‌ನ ದೊಡ್ಡ ಎಲ್ ಆಯ್ಕೆ, ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೊ ಜೊತೆ ಬರುವ ಡಂಪ್‌ಬಿನ್‌ನ ಡಿಪೆಂಡೆಂಟ್ಸ್ ಆಯ್ಕೆ ಇವನ್ನು ಪಟ್ಟಿ ಮಾಡುತ್ತವೆ.

ಮ್ಯಾಕ್‌ನ ಪಟ್ಟಿಯಲ್ಲಿ ಹೋಂಬ್ರೂ (ಡೆವಲಪರ್‌ಗಳು ಸಾಧನಗಳನ್ನು ಇನ್‌ಸ್ಟಾಲ್ ಮಾಡಿಕೊಳ್ಳುವ ಪ್ಯಾಕೇಜ್ ಮ್ಯಾನೇಜರ್) ಫೋಲ್ಡರಿನ ಒಂದೇ ಒಂದು ಸಾಲು ಕಂಡರೂ ಆ ಬೈನರಿ ಕೆಲಸಕ್ಕೆ ಬಾರದು. ಹೋಂಬ್ರೂ ಇರುವುದು ನಿಮ್ಮ ಮಷೀನಿನಲ್ಲಿ. ಒಂದೋ ಸ್ಟ್ಯಾಟಿಕ್ ಆಗಿ, ಅಂದರೆ ಲೈಬ್ರರಿಗಳನ್ನು ಒಳಗೇ ಸೇರಿಸಿ ಕಟ್ಟಿದ ಬೈನರಿ ಹುಡುಕಿ, ಇಲ್ಲವೇ ಆ ಲೈಬ್ರರಿಗಳನ್ನು ಜೊತೆಗಿಟ್ಟು ಇನ್‌ಸ್ಟಾಲ್-ನೇಮ್-ಟೂಲ್‌ನಿಂದ ಪಾತ್‌ಗಳನ್ನು ಬೈನರಿ ಇರುವ ಜಾಗಕ್ಕೆ ಹೊಂದಿಸಿ. ಹಾಗೆ ಪಾತ್ ತಿದ್ದಿದರೆ ಹಳೆಯ ಸಹಿ ಮುರಿಯುತ್ತದೆ, ಆದ್ದರಿಂದ ಇದು ಸಹಿಗಿಂತ ಮೊದಲೇ ಆಗಬೇಕು. ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಪ್ಯಾಚ್-ಎಲ್ಫ್ ಮಾಡುತ್ತದೆ.

ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕೈಕೊಡುವುದು ವಿಸಿರನ್‌ಟೈಮ್140 ಡಿಎಲ್‌ಎಲ್. ಅದನ್ನು ಬೈನರಿಯ ಪಕ್ಕದಲ್ಲೇ ಇಡಿ, ಅಥವಾ ಮೈಕ್ರೋಸಾಫ್ಟ್‌ನ ರೀಡಿಸ್ಟ್ರಿಬ್ಯೂಟಬಲ್ ಇನ್‌ಸ್ಟಾಲರನ್ನು ನಿಮ್ಮದರ ಜೊತೆ ಓಡಿಸಿ.

ಲಿನಕ್ಸ್‌ನ ತೊಡಕು ಜಿಲಿಬ್‌ಸಿ, ಹೆಚ್ಚಿನ ಪ್ರೋಗ್ರಾಂಗಳು ನೆಚ್ಚಿಕೊಂಡ ಮೂಲ ಸಿ ಲೈಬ್ರರಿ. ಹೊಸ ಡಿಸ್ಟ್ರೊದಲ್ಲಿ ಕಟ್ಟಿದ ಬೈನರಿ ಹಳೆಯದರಲ್ಲಿ ಓಡದಿರಬಹುದು. ಹಳೆಯದರಲ್ಲಿ ಕಟ್ಟಿದ್ದು ಸಾಮಾನ್ಯವಾಗಿ ಹೊಸದರಲ್ಲಿ ಓಡುತ್ತದೆ. ಉಬುಂಟು 20.04 ಮತ್ತು ಡೆಬಿಯನ್ 11ರಲ್ಲಿ ಇರುವುದು ಜಿಲಿಬ್‌ಸಿ 2.31, ಉಬುಂಟು 22.04ರಲ್ಲಿ 2.35. ನೀವು ಬೆಂಬಲಿಸುವ ಅತಿ ಹಳೆಯ ಸಿಸ್ಟಂನ ಕಂಟೇನರಿನೊಳಗೇ ಬಿಲ್ಡ್ ಮಾಡಿ. ಜಿಲಿಬ್‌ಸಿಯ ಬದಲಿ ಲೈಬ್ರರಿಯಾದ ಮಸಲ್ ಬಳಸಿ ಪೂರ್ತಿ ಸ್ಟ್ಯಾಟಿಕ್ ಆಗಿ ಕಟ್ಟಿದ ಬೈನರಿ ಸಿಕ್ಕರೆ ಈ ತಲೆನೋವೇ ಇರುವುದಿಲ್ಲ.

## 4. ಜಾಗ ಗೊತ್ತುಮಾಡಿ, ಪಾತ್ ಹುಡುಕುವ ಕೋಡನ್ನು ಒಂದೇ ಕಡೆ ಬರೆಯಿರಿ

ಹೆಚ್ಚಿನ ಆಪ್‌ಗಳು ಮುಗ್ಗರಿಸುವುದು ಇಲ್ಲೇ. ಎಲೆಕ್ಟ್ರಾನ್ ನಿಮ್ಮ ಕೋಡನ್ನು ಅಸಾರ್ ಎಂಬ ಒಂದೇ ಕಡತದೊಳಗೆ ಕಟ್ಟುತ್ತದೆ. ಜಾವಾಸ್ಕ್ರಿಪ್ಟಿಗೆ ಅದು ಫೋಲ್ಡರಿನಂತೆ ಕಂಡರೂ ಆಪರೇಟಿಂಗ್ ಸಿಸ್ಟಂಗೆ ಅದು ಬರೀ ಒಂದು ಫೈಲು. ಅದರೊಳಗಿನ ಬೈನರಿಯನ್ನು ಸ್ಪಾನ್ ಮಾಡಲು (ಬೇರೆ ಪ್ರೊಸೆಸ್ ಆಗಿ ಓಡಿಸಲು) ಹೋದರೆ "ಇಎನ್‌ಒಟಿಡಿಐಆರ್" ಅಥವಾ "ಇಎನ್‌ಒಇಎನ್‌ಟಿ" ಎಂಬ ಎರರ್ ಬರುತ್ತದೆ. ಎಕ್ಸೆಕ್‌ಫೈಲ್ ಎಂಬ ಫಂಕ್ಷನ್ ಒಂದಕ್ಕೆ ಮಾತ್ರ ಎಲೆಕ್ಟ್ರಾನ್ ರಿಯಾಯಿತಿ ಕೊಟ್ಟು, ಫೈಲನ್ನು ತಾತ್ಕಾಲಿಕ ಜಾಗಕ್ಕೆ ಬಿಚ್ಚಿ ಓಡಿಸುತ್ತದೆ. ಆಗ ಪಕ್ಕದ ಡಿಎಲ್‌ಎಲ್‌ಗಳು ಜೊತೆಗೆ ಹೋಗುವುದಿಲ್ಲ. ಆ ಆಸರೆಯನ್ನು ನಂಬಬೇಡಿ.

ಎಲೆಕ್ಟ್ರಾನ್-ಬಿಲ್ಡರ್‌ನಲ್ಲಿ ಎಕ್ಸ್‌ಟ್ರಾ-ರಿಸೋರ್ಸಸ್ ಸೆಟ್ಟಿಂಗ್ ಬಳಸಿ. ಅದು ಬೈನರಿಯನ್ನು ಅಸಾರ್ ಹೊರಗೆ, ರಿಸೋರ್ಸಸ್ ಫೋಲ್ಡರಿನಲ್ಲಿ ಇಡುತ್ತದೆ. ಓಡುವಾಗ ಪ್ರೊಸೆಸ್ ಆಬ್ಜೆಕ್ಟಿನ ರಿಸೋರ್ಸಸ್-ಪಾತ್ ಆ ಜಾಗವನ್ನು ಕೊಡುತ್ತದೆ. ಡೆವಲಪ್ಮೆಂಟ್ ಹೊತ್ತಿನಲ್ಲಿ ಇದೇ ಗುಣ ಎಲೆಕ್ಟ್ರಾನ್‌ನ ಸ್ವಂತ ಫೋಲ್ಡರನ್ನು ತೋರಿಸುವುದರಿಂದ, ಆಪ್ ಪ್ಯಾಕ್ ಆಗಿದೆಯೇ ಎಂದು ಮೊದಲು ಕೇಳಿ, ಅದಕ್ಕೆ ತಕ್ಕ ಪಾತ್ ಹಿಂದಿರುಗಿಸುವ ಒಂದು ಫಂಕ್ಷನ್ ಬರೆಯಿರಿ. ಇಡೀ ಆಪ್ ಆ ಒಂದನ್ನೇ ಕರೆಯಲಿ. ಆಪ್ ತೆರೆದ ತಕ್ಷಣ ಆ ಫೈಲು ನಿಜಕ್ಕೂ ಇದೆಯೇ ಎಂದು ನೋಡಿ ಲಾಗ್‌ನಲ್ಲಿ ಒಂದು ಸಾಲು ಬರೆಯಲಿ.

ಪೈಇನ್‌ಸ್ಟಾಲರ್ ಬಳಸುವವರು ಒನ್‌ಫೈಲ್ (ಎಲ್ಲ ಒಂದೇ ಫೈಲಿನಲ್ಲಿ) ಬಿಟ್ಟು ಒನ್‌ಡಿರ್ (ಎಲ್ಲ ಒಂದು ಫೋಲ್ಡರಿನಲ್ಲಿ) ಹಿಡಿಯಿರಿ. ಒನ್‌ಫೈಲ್ ಪ್ರತಿ ಸಲ ಆಪ್ ತೆರೆದಾಗಲೂ ಒಳಗಿನದೆಲ್ಲವನ್ನೂ ಟೆಂಪ್ ಫೋಲ್ಡರಿಗೆ ಬಿಚ್ಚುತ್ತದೆ. ನೂರಾರು ಎಂಬಿ ಇದ್ದರೆ ಬಳಕೆದಾರರು ಆಪ್ ಸತ್ತಿದೆ ಎಂದುಕೊಂಡು ಮತ್ತೆ ಮತ್ತೆ ಕ್ಲಿಕ್ಕಿಸುತ್ತಾರೆ.

ಸಿಸ್ಟಂನ ಪಾತ್ ವೇರಿಯಬಲ್ (ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಪಟ್ಟಿ) ಮೇಲೆ ಯಾವತ್ತೂ ಭರವಸೆ ಇಡಬೇಡಿ. ಮ್ಯಾಕ್‌ನಲ್ಲಿ ಟರ್ಮಿನಲ್‌ನಿಂದ ತೆರೆದ ಆಪ್‌ಗೆ ನಿಮ್ಮ ಶೆಲ್‌ನ ಪಾತ್ ಸಿಗುತ್ತದೆ. ಫೈಂಡರ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಸಿಸ್ಟಂನ ಮೂಲ ಫೋಲ್ಡರುಗಳಷ್ಟೇ ಸಿಗುತ್ತವೆ. "ಟರ್ಮಿನಲ್‌ನಲ್ಲಿ ಓಡುತ್ತದೆ, ಐಕಾನ್ ಒತ್ತಿದರೆ ಓಡುವುದಿಲ್ಲ" ಎಂಬ ದೂರಿಗೆ ಬಹುಮಟ್ಟಿಗೆ ಕಾರಣ ಇದೇ.

## 5. ಓಡುವ ಅನುಮತಿ ಮತ್ತು ಓಡಿಸುವ ರೀತಿ

ಮ್ಯಾಕ್, ಲಿನಕ್ಸ್ ಎರಡರಲ್ಲೂ ಬೈನರಿಗೆ ಎಕ್ಸಿಕ್ಯೂಟ್ ಅನುಮತಿ ಇರಬೇಕು. ಅದು ದಾರಿಯಲ್ಲಿ ಕಳೆದುಹೋಗುವ ಜಾಗಗಳು ಗೊತ್ತಿರಲಿ: ವಿಂಡೋಸ್‌ನಲ್ಲಿ ಮಾಡಿದ ಜಿಪ್, ಮತ್ತು ಗಿಟ್‌ಹಬ್‌ನ ಸಿಐ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್‌ನ ಆರ್ಟಿಫ್ಯಾಕ್ಟ್ ಅಪ್‌ಲೋಡ್. ಒಂದು ಜಾಬ್‌ನಿಂದ ಇನ್ನೊಂದಕ್ಕೆ ಸಾಗಿಸುವುದಿದ್ದರೆ ಮೊದಲು ಟಾರ್ ಮಾಡಿ ಕಳಿಸಿ. ಅನುಮತಿಯನ್ನು ಪ್ಯಾಕ್ ಮಾಡುವ ಮೊದಲೇ ಕೊಡಿ. ಲಿನಕ್ಸ್‌ನ ಆಪ್‌ಇಮೇಜ್, ಸ್ನ್ಯಾಪ್ ಪ್ಯಾಕೇಜುಗಳು ಓಡುವಾಗ ಒಳಗಿನ ಫೈಲುಗಳು ಓದಲಷ್ಟೇ ಸಿಗುತ್ತವೆ, ಆಮೇಲೆ ಚ್‌ಮಾಡ್ ಕಮಾಂಡಿನಿಂದ ಅನುಮತಿ ಕೊಡಲಾಗದು.

ಓಡಿಸುವಾಗ ಇಡೀ ಕಮಾಂಡನ್ನು ಒಂದು ಸ್ಟ್ರಿಂಗ್ ಆಗಿ ಶೆಲ್‌ಗೆ ಕೊಡಬೇಡಿ, ಆರ್ಗ್ಯುಮೆಂಟ್‌ಗಳನ್ನು ಅರೇಯಾಗಿ ಕೊಡಿ. ಫೋಲ್ಡರ್ ಹೆಸರಿನಲ್ಲಿ ಒಂದು ಸ್ಪೇಸ್ ಬಂದರೆ ಸಾಕು, ಸ್ಟ್ರಿಂಗ್ ಮುರಿದುಬೀಳುತ್ತದೆ. ವಿಂಡೋಸ್‌ನಲ್ಲಿ ಕಪ್ಪು ಕಿಟಕಿ ಮಿಂಚದಿರಲು ನೋಡ್‌ನ ವಿಂಡೋಸ್-ಹೈಡ್ ಆಯ್ಕೆ ಹಾಕಿ.

ಇನ್ನೊಂದು ಸೂಕ್ಷ್ಮವಿದೆ. ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯನ್ನೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತದೆ. ಅದನ್ನು ಪೈಪ್ ಮಾಡಿ ಓದದೆ ಬಿಟ್ಟರೆ ಪೈಪ್‌ನ ಬಫರ್ ತುಂಬಿ, ಬೈನರಿ ಬರೆಯಲಾಗದೆ ಹಾಗೇ ನಿಂತುಬಿಡುತ್ತದೆ. ಚಿಕ್ಕ ವಿಡಿಯೊ ಮುಗಿಯುತ್ತದೆ, ಉದ್ದದ್ದು ನಡುವೆ ಸ್ತಬ್ಧ. ಕಾರಣ ಹೊಳೆಯದೆ ಜನ ವಿಡಿಯೊ ಫೈಲನ್ನೇ ದೂರುತ್ತಾರೆ. ಸದಾ ಓದುತ್ತಿರಿ, ಕೊನೆಯ ಕೆಲವು ಸಾಲುಗಳನ್ನು ಲಾಗ್‌ಗೆ ಉಳಿಸಿ. ಇನ್‌ಪುಟ್ ಕಾಯದಂತೆ ನೋ-ಸ್ಟಡ್‌ಇನ್ ಆಯ್ಕೆಯನ್ನೂ ಕೊಡಿ.

ಪೈಇನ್‌ಸ್ಟಾಲರ್ ಲಿನಕ್ಸ್‌ನಲ್ಲಿ ಲೈಬ್ರರಿ ಪಾತ್ ವೇರಿಯಬಲ್ ಅನ್ನು ತನ್ನ ಫೋಲ್ಡರಿಗೆ ತಿರುಗಿಸಿರುತ್ತದೆ. ಹೊರಗಿನ ಬೈನರಿಯನ್ನು ಕರೆಯುವ ಮುನ್ನ ಅದನ್ನು ಮೂಲ ಮೌಲ್ಯಕ್ಕೆ ಮರಳಿಸಿ. ಆಪ್ ಮುಚ್ಚಿದಾಗ ಮಗು ಪ್ರೊಸೆಸ್ (ಆಪ್ ಓಡಿಸಿದ ಬೈನರಿ) ಕೂಡ ಸಾಯಬೇಕು, ವಿಂಡೋಸ್‌ನಲ್ಲಿ ಜಾಬ್ ಆಬ್ಜೆಕ್ಟ್ ಇದಕ್ಕೆ ನಂಬಿಕಸ್ಥ ದಾರಿ.

## 6. ಸಹಿ: ಒಳಗಿನಿಂದ ಹೊರಕ್ಕೆ

ಮ್ಯಾಕ್‌ನಲ್ಲಿ ಕ್ರಮವೇ ಎಲ್ಲ. ಹೊರಗಿನ ಆಪ್‌ನ ಸಹಿ ಒಳಗಿರುವ ಪ್ರತಿಯೊಂದನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ, ಆಮೇಲೆ ಒಳಗೆ ಒಂದು ಬೈಟ್ ಬದಲಾದರೂ ಹೊರಗಿನ ಸಹಿ ಸುಳ್ಳಾಗುತ್ತದೆ. ಹಾಗಾಗಿ ಹೀಗೆ ಹೋಗಿ:

1. ಪಾತ್ ತಿದ್ದುವುದು, ಸ್ಟ್ರಿಪ್ ಮಾಡುವುದು (ಡೀಬಗ್ ಮಾಹಿತಿ ತೆಗೆಯುವುದು), ಲೈಪೊ ಹೊಲಿಗೆ, ಎಲ್ಲ ಮುಗಿಸಿ.
2. ಒಳಗಿನ ಲೈಬ್ರರಿಗಳಿಗೆ ಸಹಿ ಹಾಕಿ.
3. ಬಾಹ್ಯ ಬೈನರಿಗೆ ನಿಮ್ಮದೇ ಡೆವಲಪರ್ ಐಡಿಯಿಂದ ಸಹಿ ಹಾಕಿ. ಹಾರ್ಡನ್ಡ್ ರನ್‌ಟೈಮ್ (ಆಪಲ್‌ನ ಬಿಗಿ ಸುರಕ್ಷತಾ ಆಯ್ಕೆ) ಮತ್ತು ಟೈಮ್‌ಸ್ಟ್ಯಾಂಪ್ ಆಯ್ಕೆ ಎರಡೂ ಇರಲಿ.
4. ಈಗ ಇಡೀ ಆಪ್‌ಗೆ ಸಹಿ.
5. ಡಿಎಂಜಿ (ಮ್ಯಾಕ್‌ನ ಡಿಸ್ಕ್ ಇಮೇಜ್) ಕಟ್ಟಿ, ನೋಟರೈಸೇಶನ್‌ಗೆ, ಅಂದರೆ ಆಪಲ್‌ನ ತಪಾಸಣೆಗೆ, ನೋಟರಿಟೂಲ್‌ನಿಂದ ಕಳಿಸಿ.
6. ಒಪ್ಪಿಗೆ ಬಂದ ಮೇಲೆ ಸ್ಟೇಪಲ್ ಮಾಡಿ, ಅಂದರೆ ಆ ಒಪ್ಪಿಗೆಯನ್ನು ಫೈಲಿಗೇ ಅಂಟಿಸಿ. ಆಪ್, ಡಿಎಂಜಿ, ಪಿಕೆಜಿಗೆ ಸ್ಟೇಪಲ್ ಆಗುತ್ತದೆ. ಜಿಪ್‌ಗಾಗಲಿ ಒಂಟಿ ಬೈನರಿಗಾಗಲಿ ಆಗದು.

ಕೋಡ್‌ಸೈನ್‌ನ ಡೀಪ್ ಆಯ್ಕೆಯಿಂದ ಎಲ್ಲ ಒಮ್ಮೆಗೇ ಮುಗಿಸುವ ಆಸೆ ಬಿಡಿ. ಅದು ಒಳಗಿನ ಪ್ರತಿ ಬೈನರಿಗೂ ಒಂದೇ ಎಂಟೈಟಲ್‌ಮೆಂಟ್ (ಸಹಿಯಲ್ಲಿ ಬರೆಯುವ ವಿಶೇಷ ಅನುಮತಿ) ಅಂಟಿಸುತ್ತದೆ, ರಿಸೋರ್ಸಸ್‌ನಂಥ ಕಡೆ ಕೂತ ಬೈನರಿಗಳನ್ನು ಬಿಟ್ಟೇಬಿಡುತ್ತದೆ. ಆಪಲ್ ಕೂಡ ಸಹಿ ಹಾಕಲು ಇದನ್ನು ಬಳಸಬೇಡಿ ಎನ್ನುತ್ತದೆ.

ಬೈನರಿಯನ್ನು ಜಿಪ್‌ನೊಳಗೆ ಬಚ್ಚಿಟ್ಟರೆ ನೋಟರೈಸೇಶನ್ ತಪ್ಪಿಸಬಹುದು ಎಂದುಕೊಳ್ಳುವವರಿದ್ದಾರೆ. ಆಪಲ್‌ನ ಸೇವೆ ಜಿಪ್ ಬಿಚ್ಚಿಯೂ ನೋಡುತ್ತದೆ. ತಿರಸ್ಕಾರ ಬಂದರೆ ಊಹಿಸುತ್ತ ಕೂರದೆ ನೋಟರಿಟೂಲ್‌ನ ಲಾಗ್ ತರಿಸಿ ಓದಿ. ಯಾವ ಫೈಲು, ಯಾವ ಕೊರತೆ ಎಂದು ಅದರಲ್ಲಿ ಹೆಸರಿಟ್ಟೇ ಬರೆದಿರುತ್ತದೆ.

ಎಂಟೈಟಲ್‌ಮೆಂಟ್ ಬೇಕಾದಷ್ಟೇ ಕೊಡಿ. ಎಲೆಕ್ಟ್ರಾನ್‌ಗೂ ಜಾವಾಸ್ಕ್ರಿಪ್ಟ್ ಎಂಜಿನ್ ಇರುವ ಬೈನರಿಗೂ ಜಿಟ್ (ಓಡುವಾಗಲೇ ಕೋಡ್ ತಯಾರಿಸುವ) ಅನುಮತಿ ಬೇಕು, ಎಫ್‌ಎಫ್‌ಎಂಪೆಗ್‌ಗೆ ಬೇಡ. ಆರ್ಮ್ ಮ್ಯಾಕ್‌ನಲ್ಲಿ ಸಹಿಯೇ ಇಲ್ಲದ ಆರ್ಮ್ ಬೈನರಿಯನ್ನು ಕರ್ನಲ್ ತಕ್ಷಣ ಕೊಲ್ಲುತ್ತದೆ, ಕಾಣುವುದು "ಕಿಲ್ಡ್: 9" ಎಂಬ ಒಂದೇ ಸಾಲು.

ವಿಂಡೋಸ್‌ನಲ್ಲಿ ಒಳಗಿನ ಇಎಕ್ಸ್‌ಇ, ಆಮೇಲೆ ನಿಮ್ಮ ಮುಖ್ಯ ಇಎಕ್ಸ್‌ಇ, ಕೊನೆಗೆ ಇನ್‌ಸ್ಟಾಲರ್. ಒಳಗಿನ ಬೈನರಿಗೆ ಅದರ ತಯಾರಕರ ಸಹಿ ಈಗಾಗಲೇ ಇದ್ದರೆ ಮುಟ್ಟಬೇಡಿ. ಗಾತ್ರ ಇಳಿಸಲು ಯುಪಿಎಕ್ಸ್ ಎಂಬ ಬೈನರಿ ಕುಗ್ಗಿಸುವ ಸಾಧನ ಬಳಸಬೇಡಿ: ಆಂಟಿವೈರಸ್‌ಗಳು ಅಂಥ ಫೈಲುಗಳನ್ನು ಸಂಶಯದಿಂದ ನೋಡುತ್ತವೆ, ಇನ್‌ಸ್ಟಾಲರ್ ಹೇಗೂ ಕುಗ್ಗಿಸುವುದರಿಂದ ಡೌನ್‌ಲೋಡ್‌ನಲ್ಲಿ ಉಳಿಯುವುದೂ ಅಷ್ಟಕ್ಕಷ್ಟೇ.

## 7. ಮೊದಲ ಓಟದಲ್ಲಿ ಇಳಿಸುವುದಾದರೆ

ಇಳಿಸಿದ್ದನ್ನು ಆಪ್‌ನ ಫೋಲ್ಡರಿಗೆ ಬರೆಯಬೇಡಿ. ಪ್ರೋಗ್ರಾಂ ಫೈಲ್ಸ್‌ಗೆ ಅನುಮತಿ ಇರುವುದಿಲ್ಲ, ಮ್ಯಾಕ್‌ನಲ್ಲಿ ಸಹಿ ಮುರಿಯುತ್ತದೆ, ಆಪ್‌ಇಮೇಜ್‌ನಲ್ಲಿ ಬರೆಯಲೇ ಆಗದು. ವಿಂಡೋಸ್‌ನಲ್ಲಿ ಲೋಕಲ್ ಆಪ್‌ಡೇಟಾ, ಮ್ಯಾಕ್‌ನಲ್ಲಿ ಅಪ್ಲಿಕೇಶನ್ ಸಪೋರ್ಟ್, ಲಿನಕ್ಸ್‌ನಲ್ಲಿ ಹೋಂ ಒಳಗಿನ ಲೋಕಲ್ ಶೇರ್ ಸರಿಯಾದ ಜಾಗಗಳು. ವರ್ಷನ್ ಹೆಸರಿನ ಉಪಫೋಲ್ಡರ್ ಮಾಡಿ.

ಮೊದಲು ಡಿಸ್ಕಿನಲ್ಲಿ ಜಾಗ ನೋಡಿ; ಕುಗ್ಗಿಸಿದ ಫೈಲು ಮತ್ತು ಬಿಚ್ಚಿದ್ದು ಕೆಲ ಹೊತ್ತು ಒಟ್ಟಿಗೇ ಇರುತ್ತವೆ ಎಂಬುದು ಲೆಕ್ಕದಲ್ಲಿರಲಿ. ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ತುಂಡಾದರೆ ನಿಂತಲ್ಲಿಂದ ಮುಂದುವರಿಸಿ, ಹ್ಯಾಶ್ ತಾಳೆಯಾದ ಮೇಲೆಯೇ ನಿಜವಾದ ಹೆಸರಿಗೆ ಬದಲಿಸಿ. ಆ ಬದಲಾವಣೆ ಒಂದೇ ಡ್ರೈವಿನೊಳಗೆ ಆಗಲಿ. ವಿಂಡೋಸ್‌ನಲ್ಲಿ ಆಂಟಿವೈರಸ್ ಹೊಸ ಫೈಲನ್ನು ಹಿಡಿದು ಪರೀಕ್ಷಿಸುತ್ತಿದ್ದರೆ ಹೆಸರು ಬದಲಾವಣೆ ಸೋಲುತ್ತದೆ. ಸ್ವಲ್ಪ ತಡೆದು ಕೆಲವು ಸಲ ಮತ್ತೆ ಪ್ರಯತ್ನಿಸುವ ಕೋಡ್ ಬರೆಯಿರಿ. ರದ್ದು ಮಾಡುವ ಬಟನ್ ಕೊಡಿ.

## 8. ಶುದ್ಧ ಮಷೀನಿನಲ್ಲಿ ಪರೀಕ್ಷೆ

ನಿಮ್ಮ ಮಷೀನಿನಲ್ಲಿ ಮಾಡುವ ಪರೀಕ್ಷೆ ಲೆಕ್ಕಕ್ಕಿಲ್ಲ. ಅಲ್ಲಿ ಎಫ್‌ಎಫ್‌ಎಂಪೆಗ್ ಈಗಾಗಲೇ ಇದೆ, ಎಲ್ಲ ರನ್‌ಟೈಮ್‌ಗಳಿವೆ. ವಿಂಡೋಸ್ ಪ್ರೊ ಇದ್ದವರಿಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಸುಲಭದ ದಾರಿ: ಮುಚ್ಚಿದರೆ ಎಲ್ಲ ಅಳಿಸಿಹೋಗಿ, ಮುಂದಿನ ಸಲ ಹೊಸದಾಗಿ ತೆರೆಯುತ್ತದೆ.

ಇನ್‌ಸ್ಟಾಲರನ್ನು ಪೆನ್ ಡ್ರೈವಿನಲ್ಲಿ ಒಯ್ಯದೆ ಬ್ರೌಸರಿನಿಂದಲೇ ಇಳಿಸಿ. ಬ್ರೌಸರ್ ಇಳಿಸಿದ ಫೈಲಿಗೆ ಮ್ಯಾಕ್‌ನ ಕ್ವಾರಂಟೈನ್ ಗುರುತು, ವಿಂಡೋಸ್‌ನ ವೆಬ್ ಗುರುತು ಅಂಟುತ್ತವೆ. ಮ್ಯಾಕ್‌ನ ಕಾವಲುಗಾರ ಗೇಟ್‌ಕೀಪರ್, ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಎಚ್ಚರಗೊಳ್ಳುವುದು ಆಗಲೇ. ಹೆಸರಿನಲ್ಲಿ ಸ್ಪೇಸ್ ಮತ್ತು ಕನ್ನಡ ಅಕ್ಷರಗಳಿರುವ ಬಳಕೆದಾರ ಖಾತೆಯಲ್ಲಿ ಒಮ್ಮೆ, ನಿರ್ವಾಹಕ ಹಕ್ಕಿಲ್ಲದ ಖಾತೆಯಲ್ಲಿ ಒಮ್ಮೆ, ಇಂಟರ್ನೆಟ್ ತೆಗೆದು ಒಮ್ಮೆ ಓಡಿಸಿ. ಆಪ್ ತೆರೆದುಕೊಂಡಿತು ಎಂದು ಅಲ್ಲಿಗೇ ಬಿಡಬೇಡಿ, ಬೈನರಿಯಿಂದ ಒಂದು ಪೂರ್ತಿ ಕೆಲಸ ಮಾಡಿಸಿ.

## 9. ಅಪ್‌ಡೇಟ್

ಓಡುತ್ತಿರುವ ಇಎಕ್ಸ್‌ಇಯ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಮಗು ಪ್ರೊಸೆಸ್ ಒಂದು ಉಳಿದುಕೊಂಡಿದ್ದರೂ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಮ್ಯಾಕ್‌ನಲ್ಲಿ ಬಿಡುತ್ತದೆ, ಆದರೆ ಅಲ್ಲಿ ಅಪಾಯ ಬೇರೆ: ಕರ್ನಲ್ ಸಹಿಯ ಮಾಹಿತಿಯನ್ನು ಆ ಫೈಲಿನ ಜೊತೆಗೇ ನೆನಪಿಟ್ಟಿರುವುದರಿಂದ, ಅದೇ ಫೈಲಿನ ಮೇಲೆ ಹೊಸ ಬೈನರಿ ಬರೆದರೆ ಸಹಿ ಸರಿಯಿದ್ದರೂ ಪ್ರೊಸೆಸ್ ಸಾಯಬಹುದು. ಹೊಸ ಫೈಲು ಬರೆದು ಹಳೆಯದರ ಜಾಗಕ್ಕೆ ಸರಿಸಿ. ವರ್ಷನ್ ಫೋಲ್ಡರ್ ಪದ್ಧತಿ ಹಿಡಿದವರಿಗೆ ಎರಡೂ ತೊಂದರೆ ಬರುವುದಿಲ್ಲ. ಹೊಸದು ಒಮ್ಮೆ ಸರಿಯಾಗಿ ಓಡಿದ ಮೇಲೆ ಹಳೆಯ ಫೋಲ್ಡರ್ ಅಳಿಸಿ.

## ಲಕ್ಷಣ ಕಂಡರೆ ಎಲ್ಲಿ ನೋಡಬೇಕು

"ಬ್ಯಾಡ್ ಸಿಪಿಯು ಟೈಪ್" ಅಥವಾ "ಎಕ್ಸೆಕ್ ಫಾರ್ಮ್ಯಾಟ್ ಎರರ್": ಬೇರೆ ಪ್ರೊಸೆಸರಿನ ಬೈನರಿ ಸೇರಿದೆ. ಎರಡನೇ ಹಂತ.

ಫೈಲು ಕಣ್ಣೆದುರೇ ಇದ್ದರೂ ಲಿನಕ್ಸ್ "ನೋ ಸಚ್ ಫೈಲ್" ಎನ್ನುತ್ತದೆ: ಬೈನರಿಗೆ ಬೇಕಾದ ಲೋಡರ್ ಆ ಸಿಸ್ಟಂನಲ್ಲಿಲ್ಲ. ಜಿಲಿಬ್‌ಸಿಗೆ ಕಟ್ಟಿದ್ದನ್ನು ಮಸಲ್ ಆಧಾರಿತ ಆಲ್ಪೈನ್‌ನಲ್ಲಿ ಓಡಿಸಿದರೆ ಹೀಗಾಗುತ್ತದೆ. ಮೂರನೇ ಹಂತ.

"ಪರ್ಮಿಷನ್ ಡಿನೈಡ್": ಮೊದಲು ಎಕ್ಸಿಕ್ಯೂಟ್ ಅನುಮತಿ ನೋಡಿ. ಅದು ಸರಿಯಿದ್ದರೆ ಆ ಡ್ರೈವ್ ನೋ-ಎಕ್ಸೆಕ್ ಆಗಿ (ಅಲ್ಲಿಂದ ಏನನ್ನೂ ಓಡಿಸಲು ಬಿಡದಂತೆ) ಮೌಂಟ್ ಆಗಿದೆಯೇ ನೋಡಿ. ಟೆಂಪ್ ಫೋಲ್ಡರಿಗೆ ಬಿಚ್ಚಿ ಓಡಿಸುವ ಆಪ್‌ಗಳಿಗೆ ಇದು ಆಗಾಗ ಅಡ್ಡಬರುತ್ತದೆ.

ಆಪ್‌ಇಮೇಜ್ ತೆರೆಯುವುದೇ ಇಲ್ಲ, ಅದು ನೆಚ್ಚಿಕೊಂಡ ಫ್ಯೂಸ್ ಬಗ್ಗೆ ಸಂದೇಶ: ಉಬುಂಟು 22.04ರಿಂದೀಚೆಗೆ ಹಳೆಯ ಫ್ಯೂಸ್ 2 ಲೈಬ್ರರಿ ತಾನಾಗಿ ಬರುವುದಿಲ್ಲ. ಡೆಬ್ ಪ್ಯಾಕೇಜನ್ನೂ ಜೊತೆಗೆ ಕೊಡಿ.

ಇನ್‌ಸ್ಟಾಲ್ ಆದ ಮರುದಿನ ಬೈನರಿ ಕಾಣೆ: ಆಂಟಿವೈರಸ್ ಕ್ವಾರಂಟೈನ್ ಮಾಡಿದೆ. ಫೈಲು ಇಲ್ಲದಿದ್ದರೆ ಆಪ್ ಸುಮ್ಮನಿರದೆ ಯಾವ ಪಾತ್‌ನಲ್ಲಿ ಏನನ್ನು ಹುಡುಕಿತು ಎಂದು ಪರದೆಯ ಮೇಲೇ ತೋರಿಸಬೇಕು, ಆ ಸಂದೇಶವನ್ನು ಕಾಪಿ ಮಾಡಲು ಒಂದು ಬಟನ್ ಕೊಡಬೇಕು. ನಿಮಗೆ ಬರುವ ದೂರಿನಲ್ಲಿ ಆ ಒಂದು ಸಾಲು ಇದ್ದರೆ ಮಿಕ್ಕದ್ದನ್ನು ಅಲ್ಲಿಂದಲೇ ಹಿಡಿಯಬಹುದು.